ಮುಕ್ಕಾಲು ಟನ್ ಇಳಿಸಿದ ಬಸ್ಸು

ಬ್ಯಾಟರಿ ಕೈಕೊಟ್ಟ ಬಸ್ಸನ್ನು ಪ್ರಯಾಣಿಕರೆಲ್ಲ ಇಳಿದು ತಳ್ಳುವ ದೃಶ್ಯವನ್ನು ನೀವು ನೋಡಿರಬಹುದು. ನೀವೂ ಒಮ್ಮೆ ಹೆಗಲು ಕೊಟ್ಟಿರಬಹುದು. ಮೊದಲು ಬಸ್ಸು ಜಗ್ಗುವುದೇ ಇಲ್ಲ. ಹತ್ತಾರು ಜನ ಬೆವರು ಸುರಿಸಿದ ಮೇಲೆ ಮೆಲ್ಲಗೆ ಅಲುಗುತ್ತದೆ. ಒಮ್ಮೆ ಉರುಳತೊಡಗಿದರೆ ತಳ್ಳುವುದು ಅಷ್ಟು ಕಷ್ಟವಲ್ಲ. ಆದರೆ ಚಾಲಕ ಬ್ರೇಕ್ ಒತ್ತಿದನೆಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಮತ್ತೆ ಮೊದಲಿನಿಂದ ಆರಂಭಿಸಬೇಕು.

ನಗರದ ಬಸ್ಸಿನ ಎಂಜಿನ್ ಇದೇ ಕೆಲಸವನ್ನು ದಿನಕ್ಕೆ ನೂರಾರು ಬಾರಿ ಮಾಡುತ್ತದೆ. ನಿಲ್ದಾಣಕ್ಕೊಮ್ಮೆ, ಸಿಗ್ನಲ್ಲಿಗೊಮ್ಮೆ ನಿಂತು ಮತ್ತೆ ಹೊರಡುತ್ತದೆ. ಪ್ರತಿ ಸಲವೂ ಅದು ಪ್ರಯಾಣಿಕರನ್ನು ಮಾತ್ರವಲ್ಲ, ತನ್ನ ಮೈಭಾರವನ್ನೂ ಎಳೆಯಬೇಕು. ಹಾಗಾದರೆ ಆ ಮೈಭಾರವನ್ನೇ ಇಳಿಸಿದರೆ ಹೇಗೆ? ಎರಡನೆಯ ಮಹಾಯುದ್ಧ ಮುಗಿದ ಬಳಿಕ ಲಂಡನ್ ನಗರದ ಸಾರಿಗೆ ಸಂಸ್ಥೆಯ ಎಂಜಿನಿಯರುಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅದರ ಫಲವೇ 'ರೂಟ್‌ಮಾಸ್ಟರ್' ಎಂಬ ಎರಡಂತಸ್ತಿನ ಬಸ್ಸು. ಅದರ ಕಥೆಯಲ್ಲಿ ಪ್ರೌಢಶಾಲೆಯ ಭೌತವಿಜ್ಞಾನದ ಹಲವು ಪಾಠಗಳಿವೆ. ತಂತ್ರಜ್ಞಾನದ ಗುಣಾವಗುಣಗಳನ್ನು ಯಾವುದರಿಂದ ಅಳೆಯಬೇಕು ಎಂಬ ಪಾಠವೂ ಇದೆ.

ಎಂಜಿನಿಯರುಗಳ ಮುಂದಿದ್ದ ಸವಾಲು

ಆಗ ಲಂಡನ್ನಿನಲ್ಲಿ ಓಡುತ್ತಿದ್ದುದು 'ಆರ್‌ಟಿ' ಎಂಬ ಜಾತಿಯ ಎರಡಂತಸ್ತಿನ ಬಸ್ಸುಗಳು. ಗಟ್ಟಿಮುಟ್ಟಾದ ಆ ಬಸ್ಸಿನ ತೂಕ ಸುಮಾರು ಏಳೂವರೆ ಟನ್. ಅದರಲ್ಲಿ 56 ಆಸನಗಳು. ಇವುಗಳ ಜೊತೆಗೆ, ಮೇಲಿನ ತಂತಿಯಿಂದ ವಿದ್ಯುತ್ ಪಡೆದು ಓಡುವ ಟ್ರಾಲಿಬಸ್ಸುಗಳೂ ಇದ್ದವು. ಅವುಗಳಲ್ಲಿ ಸುಮಾರು 70 ಜನ ಕೂರಬಹುದಿತ್ತು. ಟ್ರಾಲಿಬಸ್ಸುಗಳನ್ನು ತೆಗೆದು ಡೀಸೆಲ್ ಬಸ್ಸುಗಳನ್ನು ಹಾಕಬೇಕಾಗಿದ್ದುದರಿಂದ ಹೊಸ ಬಸ್ಸಿನಲ್ಲಿ ಹೆಚ್ಚು ಆಸನಗಳು ಬೇಕಾಗಿದ್ದವು.

ಎ.ಎ.ಎಂ. ಡ್ಯುರಂಟ್ ಅವರ ನೇತೃತ್ವದ ತಂಡಕ್ಕೆ ವಹಿಸಿದ ಕೆಲಸ ಇದು: ಬಸ್ಸು ಹಗುರವಾಗಿರಬೇಕು, ಕಡಿಮೆ ಇಂಧನ ಕುಡಿಯಬೇಕು, ಹೆಚ್ಚು ಜನರನ್ನು ಹೊರಬೇಕು, ಚಾಲಕನಿಗೆ ಸುಲಭವಾಗಿರಬೇಕು, ಸಂಸ್ಥೆಯದೇ ಕಾರ್ಯಾಗಾರದಲ್ಲಿ ಬಿಚ್ಚಿ ದುರಸ್ತಿ ಮಾಡುವಂತಿರಬೇಕು. ಎಂಜಿನಿಯರ್ ಕಾಲಿನ್ ಕರ್ಟಿಸ್ ತಂಡದ ಪ್ರಮುಖರಲ್ಲಿ ಒಬ್ಬರು. ಹೊರರೂಪ ಡಗ್ಲಸ್ ಸ್ಕಾಟ್ ಅವರದು. ಎ.ಇ.ಸಿ. ಎಂಬ ಕಂಪನಿ ಯಂತ್ರಭಾಗಗಳನ್ನೂ ಪಾರ್ಕ್ ರಾಯಲ್ ಕಂಪನಿ ಬಸ್ಸಿನ ಮೈಯನ್ನೂ ತಯಾರಿಸಿದವು.

1954ರಲ್ಲಿ ಮೊದಲ ಮಾದರಿ ಸಿದ್ಧವಾಯಿತು. ಅದರ ತೂಕ ಆರ್‌ಟಿಗಿಂತ ಸುಮಾರು ಮುಕ್ಕಾಲು ಟನ್ ಕಡಿಮೆ. ಆಸನಗಳು ಮಾತ್ರ 64, ಅಂದರೆ 8 ಹೆಚ್ಚು! ಹಳೆಯ ಬಸ್ಸಿನಲ್ಲಿ ಒಂದು ಆಸನಕ್ಕೆ ಸುಮಾರು 135 ಕಿಲೊಗ್ರಾಂ ಬಸ್ಸಿನ ಭಾರವಿತ್ತು. ಹೊಸದರಲ್ಲಿ ಅದು 110 ಕಿಲೊಗ್ರಾಮಿನ ಆಸುಪಾಸಿಗೆ ಇಳಿಯಿತು. ಒಂದು ಟನ್ ತೂಗುವ ಕಾರಿನಲ್ಲಿ ಒಬ್ಬರೇ ಹೋಗುವಾಗ ಆ ಒಬ್ಬರಿಗಾಗಿ 1000 ಕಿಲೊಗ್ರಾಂ ಭಾರ ಓಡುತ್ತದೆ ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ಸ್ಪಷ್ಟವಾದೀತು.

ತೂಕ ಇಳಿದರೆ ಎಷ್ಟು ಉಳಿತಾಯ?

ಏಳೂವರೆ ಟನ್ನಿನಲ್ಲಿ ಮುಕ್ಕಾಲು ಟನ್ ಇಳಿಸಿದ್ದು ದೊಡ್ಡ ಸಾಧನೆಯೇ ಎಂದು ನೀವು ಕೇಳಬಹುದು. ಒಂದು ಸರಳ ಲೆಕ್ಕ ಮಾಡಿ ನೋಡೋಣ. ಲೆಕ್ಕ ಸುಲಭವಾಗಲೆಂದು ಮುಕ್ಕಾಲು ಟನ್ನನ್ನು 750 ಕಿಲೊಗ್ರಾಂ ಎಂದೂ, ಬಸ್ಸಿನ ವೇಗವನ್ನು ಸೆಕೆಂಡಿಗೆ 10 ಮೀಟರ್ (ಗಂಟೆಗೆ 36 ಕಿ.ಮೀ.) ಎಂದೂ, ಅದು ಪ್ರತಿ ಕಿಲೊಮೀಟರಿಗೆ 3 ಸಲ ನಿಂತು ಹೊರಡುತ್ತದೆ ಎಂದೂ ಇಟ್ಟುಕೊಳ್ಳೋಣ.

ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ. 750 ಕಿಲೊಗ್ರಾಮನ್ನು ಈ ವೇಗಕ್ಕೆ ತರಲು ಬೇಕಾದ ಶಕ್ತಿ 37.5 ಕಿಲೊಜೌಲ್. ಬ್ರೇಕ್ ಹಾಕಿದೊಡನೆ ಇದೆಲ್ಲವೂ ಉಷ್ಣವಾಗಿ ಗಾಳಿಗೆ ಸೇರುತ್ತದೆ. ಕಿಲೊಮೀಟರಿಗೆ 3 ಸಲ ಎಂದರೆ 112.5 ಕಿಲೊಜೌಲ್.

ಇದಲ್ಲದೆ ಉರುಳು ಘರ್ಷಣೆಯೂ ಇದೆ. ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ಗುಂಡಗಾಗುತ್ತದೆ. ಈ ಬಾಗಾಟದಲ್ಲಿ ಶಕ್ತಿ ನಷ್ಟವಾಗುತ್ತದೆ. ಗಾಳಿ ಕಡಿಮೆಯಿರುವ ಸೈಕಲ್ಲನ್ನು ತುಳಿದವರಿಗೆ ಇದು ಗೊತ್ತು. ಬಸ್ಸಿನ ಟೈರಿಗೆ ಈ ರೋಧವು ಭಾರದ ನೂರರಲ್ಲಿ ಒಂದು ಪಾಲು ಎಂದುಕೊಂಡರೆ, 750 ಕಿಲೊಗ್ರಾಮಿಗೆ 75 ನ್ಯೂಟನ್. ಒಂದು ಕಿಲೊಮೀಟರ್ ದೂರಕ್ಕೆ 75 ಕಿಲೊಜೌಲ್.

ಎರಡೂ ಸೇರಿದರೆ ಕಿಲೊಮೀಟರಿಗೆ 187.5 ಕಿಲೊಜೌಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿ ಇದೆಯಾದರೂ ಎಂಜಿನ್ನಿನ ದಕ್ಷತೆಯನ್ನು ಗಣಿಸಿದರೆ ಚಕ್ರಕ್ಕೆ ತಲಪುವುದು 10 ಮೆಗಾಜೌಲಿನಷ್ಟು. ಆದ್ದರಿಂದ ದಿನಕ್ಕೆ 160 ಕಿ.ಮೀ. ಓಡುವ ಬಸ್ಸಿನಲ್ಲಿ ಉಳಿಯುವ ಡೀಸೆಲ್ 3 ಲೀಟರ್. ಒಂದು ಬಸ್ಸಿಗೆ ಇದು ಅಲ್ಪವೆನಿಸಬಹುದು. 2000 ಬಸ್ಸುಗಳಿಗೆ ದಿನಕ್ಕೆ 6000 ಲೀಟರ್. ವರ್ಷಕ್ಕೆ 300 ದಿನ ಓಡಿದರೆ 18 ಲಕ್ಷ ಲೀಟರ್! ಇದು ಅಂದಾಜಿನ ಲೆಕ್ಕ. ನಿಲುಗಡೆಗಳ ಸಂಖ್ಯೆ, ವೇಗ ಇವುಗಳನ್ನು ಬದಲಿಸಿ ವಿದ್ಯಾರ್ಥಿಗಳಿಂದ ಮತ್ತೆ ಮಾಡಿಸಬಹುದು. ಹೆದ್ದಾರಿಯಲ್ಲಿ ನಿಲ್ಲದೆ ಓಡುವ ಬಸ್ಸಿಗಿಂತ ನಗರದ ಬಸ್ಸಿಗೆ ಹಗುರತೆ ಏಕೆ ಹೆಚ್ಚು ಮುಖ್ಯ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ವಿಮಾನದಿಂದ ಕಲಿತ ಪಾಠ

ತೂಕವನ್ನು ಎಲ್ಲಿಂದ ಇಳಿಸುವುದು? ಆಸನ, ಎಂಜಿನ್, ಚಕ್ರ ಎಲ್ಲವೂ ಬೇಕೇ ಬೇಕು. ಉತ್ತರ ಸಿಕ್ಕಿದ್ದು ಬಸ್ಸಿನ ಅಸ್ಥಿಪಂಜರದಲ್ಲಿ.

ಅದುವರೆಗೆ ಬಸ್ಸುಗಳನ್ನು ಎರಡು ಪ್ರತ್ಯೇಕ ಭಾಗಗಳಾಗಿ ಕಟ್ಟಲಾಗುತ್ತಿತ್ತು. ಕೆಳಗೆ ಭಾರವಾದ ಉಕ್ಕಿನ ತೊಲೆಗಳ ಷಾಸಿ. ಅದರ ಮೇಲೆ ಪೆಟ್ಟಿಗೆಯಂತೆ ಕೂರಿಸಿದ ಮೈ. ಇಡೀ ಹೊರೆಯನ್ನು ಹೊರುವುದು ಷಾಸಿ; ಮೈ ಬರಿಯ ಹೊದಿಕೆ. ಬಂಡಿಯ ಮೇಲೆ ಗುಡಾರ ಕಟ್ಟಿದ ಹಾಗೆ.

ವಿಮಾನವನ್ನು ಹೀಗೆ ಕಟ್ಟಿದರೆ ಅದು ಮೇಲೇರಲಾರದು. ಅಲ್ಲಿ ತೆಳುವಾದ ಹೊರಚರ್ಮವೂ ಒಳಗಿನ ಪಕ್ಕೆಲುಬುಗಳೂ ಕೂಡಿ ಹೊರೆ ಹೊರುತ್ತವೆ. ಕೋಳಿಮೊಟ್ಟೆಯ ಚಿಪ್ಪು ಎಷ್ಟು ತೆಳು! ಆದರೂ ಅದರ ಬಲ ಅಚ್ಚರಿ ಹುಟ್ಟಿಸುವಂಥದು. ಒಳಗೆ ಬೇರೆ ಕಂಬವಿಲ್ಲ, ಚಿಪ್ಪೇ ರಚನೆ. ಯುದ್ಧಕಾಲದಲ್ಲಿ ಲಂಡನ್ ಸಾರಿಗೆ ಸಂಸ್ಥೆಯು ಇತರ ಕಂಪನಿಗಳೊಡನೆ ಸೇರಿ 700ಕ್ಕೂ ಹೆಚ್ಚು ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳನ್ನು ತಯಾರಿಸಿತ್ತು. ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗಳನ್ನು ಬಾಗಿಸಿ, ರಿವೆಟ್ ಹೊಡೆದು, ಒಂದರಂತೆ ಇನ್ನೊಂದು ಇರುವ ಭಾಗಗಳನ್ನು ಮಾಡುವ ವಿದ್ಯೆ ಹೀಗೆ ಸಂಸ್ಥೆಗೆ ಕರಗತವಾಗಿತ್ತು. ಬಾಂಬು ಹೊರುವ ಯಂತ್ರಕ್ಕಾಗಿ ಕಲಿತದ್ದು ಶಾಂತಿಕಾಲದಲ್ಲಿ ಜನರನ್ನು ಹೊರುವ ಯಂತ್ರಕ್ಕೆ ಒದಗಿತು.

ರೂಟ್‌ಮಾಸ್ಟರಿನಲ್ಲಿ ಉದ್ದಕ್ಕೂ ಹರಡಿದ ಷಾಸಿಯೇ ಇಲ್ಲ. ಮುಂದೆ ಎಂಜಿನ್, ಸ್ಟಿಯರಿಂಗ್ ಮತ್ತು ಮುಂಚಕ್ರಗಳನ್ನು ಹಿಡಿದ ಒಂದು ಚಿಕ್ಕ ಚೌಕಟ್ಟು; ಹಿಂದೆ ಹಿಂಚಕ್ರಗಳ ಅಚ್ಚನ್ನು ಹಿಡಿದ ಇನ್ನೊಂದು. ಇವೆರಡನ್ನೂ ಜೋಡಿಸುವುದು ಅಲ್ಯೂಮಿನಿಯಂ ಮಿಶ್ರಲೋಹದ ಮೈ. ಗೋಡೆ, ನೆಲ, ನಡು ಅಂತಸ್ತು, ಚಾವಣಿ ಎಲ್ಲವೂ ಸೇರಿ ಒಂದು ಆಳವಾದ ತೊಲೆಯಂತೆ ಹೊರೆಯನ್ನು ಹಂಚಿಕೊಳ್ಳುತ್ತವೆ.

ಉಕ್ಕಿನ ಬದಲು ಅಲ್ಯೂಮಿನಿಯಂ

ಉಕ್ಕನ್ನು ತೆಗೆದು ಅಲ್ಯೂಮಿನಿಯಂ ಹಾಕಿದರೆ ಸಾಕೇ? ಇಲ್ಲಿ ಎಚ್ಚರಿಕೆ ಬೇಕು. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.85ರಷ್ಟು, ಅಲ್ಯೂಮಿನಿಯಮಿನದು 2.7ರಷ್ಟು. ಆದರೆ ಬಾಗದೆ ನಿಲ್ಲುವ ಬಿಗಿತದಲ್ಲಿಯೂ ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲು ಮಾತ್ರ. ಒಂದೇ ದಪ್ಪದ ಹಾಳೆಗಳಾದರೆ ಅಲ್ಯೂಮಿನಿಯಂ ಹಾಳೆ ಮೂರು ಪಟ್ಟು ಹೆಚ್ಚು ಬಾಗುತ್ತದೆ. ಹಾಗಾದರೆ ಲಾಭವೇನು?

ಹಾಳೆಯ ಬಿಗಿತವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟು. ಆದ್ದರಿಂದ ಬಿಗಿತವನ್ನು ಮೂರು ಪಟ್ಟು ಮಾಡಲು ದಪ್ಪವನ್ನು ಮೂರರ ಘನಮೂಲದಷ್ಟು, ಅಂದರೆ 1.44 ಪಟ್ಟು, ಹೆಚ್ಚಿಸಿದರೆ ಸಾಕು. ಆಗ ತೂಕವು ಉಕ್ಕಿನ ಹಾಳೆಯ ಸುಮಾರು ಅರ್ಧ. ಲಾಭ ಇರುವುದು ಇಲ್ಲಿ. ಲೋಹವನ್ನು ಬದಲಿಸಿದರಷ್ಟೇ ಸಾಲದು, ಅದಕ್ಕೆ ತಕ್ಕ ಆಕಾರವನ್ನೂ ಕೊಡಬೇಕು. ಉಕ್ಕೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗಿದಲ್ಲಿ ತೇವ ಸೇರಿದರೆ ವಿದ್ಯುತ್‌ಕೋಶದಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಎರಡೂ ಲೋಹಗಳನ್ನು ಬಳಸುವ ವಾಹನಗಳಲ್ಲಿ ಅವುಗಳ ನಡುವೆ ತಡೆಪದರ ಇಡುವುದು ಇದಕ್ಕಾಗಿಯೇ.

ಮಾಡಿ ನೋಡಿ: ಒಂದೇ ಅಳತೆಯ ಎರಡು ಪೋಸ್ಟ್ ಕಾರ್ಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ಮೇಲೆ ನಾಣ್ಯಗಳನ್ನು ಒಂದೊಂದಾಗಿ ಇಡಿ. ಕೆಲವೇ ನಾಣ್ಯಗಳಿಗೆ ಅದು ಕುಸಿಯುತ್ತದೆ. ಇನ್ನೊಂದರ ಉದ್ದನೆಯ ಅಂಚುಗಳೆರಡನ್ನೂ ಬೆರಳಗಲ ಮೇಲಕ್ಕೆ ಮಡಿಸಿ, ಅದೇ ರೀತಿ ಇಟ್ಟು ನೋಡಿ. ಕಾಗದ ಅಷ್ಟೇ, ತೂಕ ಅಷ್ಟೇ. ಹೊರುವ ನಾಣ್ಯಗಳು ಮಾತ್ರ ಬಹಳ ಹೆಚ್ಚು. ಬಸ್ಸಿನ ಪಕ್ಕದ ಗೋಡೆಗಳು ಮಾಡುವ ಕೆಲಸ ಈ ಮಡಿಕೆಗಳದೇ.

ಮೇಲಂತಸ್ತಿನ ಭಯ

ಎರಡಂತಸ್ತಿನ ಬಸ್ಸನ್ನು ಕಂಡಾಗ, ತಿರುವಿನಲ್ಲಿ ಇದು ಉರುಳದೇ ಎಂಬ ಸಂದೇಹ ಬರುವುದು ಸಹಜ. ವಸ್ತುವಿನ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಅದರ ಪಾದದೊಳಗೆ ಬೀಳುವವರೆಗೆ ಅದು ಉರುಳದು. ಬ್ರಿಟನ್ನಿನಲ್ಲಿ ಎರಡಂತಸ್ತಿನ ಬಸ್ಸಿಗೆ ಓರೆ ಪರೀಕ್ಷೆ ಮಾಡುತ್ತಾರೆ. ಮೇಲಂತಸ್ತಿನಲ್ಲಿ ಮಾತ್ರ ಪ್ರಯಾಣಿಕರಷ್ಟು ಭಾರವನ್ನಿಟ್ಟು, ಕೆಳಗೆ ಖಾಲಿ ಬಿಟ್ಟು, ಬಸ್ಸನ್ನು ಪಕ್ಕಕ್ಕೆ 28 ಡಿಗ್ರಿ ಓರೆ ಮಾಡಿದರೂ ಅದು ಉರುಳಬಾರದು.

ಚಕ್ರಗಳ ನಡುವಿನ ಅಂತರ 2 ಮೀಟರ್ ಎಂದುಕೊಂಡು ತ್ರಿಕೋನಮಿತಿ ಬಳಸಿದರೆ, ಗುರುತ್ವಕೇಂದ್ರ ನೆಲದಿಂದ ಸುಮಾರು 1.9 ಮೀಟರಿಗಿಂತ ಕೆಳಗಿರಬೇಕು ಎಂದಾಗುತ್ತದೆ. ಎಂಜಿನ್, ಅಚ್ಚು, ಚಕ್ರ ಎಲ್ಲ ಕೆಳಗಿರುವುದರಿಂದ ಇದು ಸಾಧ್ಯ. ಮೇಲಿನ ರಚನೆ ಹಗುರವಾದಷ್ಟೂ ಗುರುತ್ವಕೇಂದ್ರ ಇನ್ನೂ ಕೆಳಗಿಳಿಯುತ್ತದೆ. ರೂಟ್‌ಮಾಸ್ಟರಿನ 64 ಆಸನಗಳಲ್ಲಿ 36 ಮೇಲಂತಸ್ತಿನಲ್ಲೇ ಇದ್ದವು. ಎರಡಂತಸ್ತಿನ ಬಸ್ಸಿಗೆ ಹಗುರವಾದ ಮೈ ಇಂಧನ ಉಳಿಸುವುದರೊಂದಿಗೆ ಸುರಕ್ಷತೆಗೂ ನೆರವಾಗುತ್ತದೆ.

ಪರೀಕ್ಷೆಗೆ ಐದು ವರ್ಷ

ಮೊದಲ ಮಾದರಿ 1954ರಲ್ಲಿ ಪ್ರದರ್ಶನಗೊಂಡರೂ ಅದು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 1956ರ ಫೆಬ್ರವರಿ 8ರಂದು. ಹೆಚ್ಚಿನ ಸಂಖ್ಯೆಯ ಬಸ್ಸುಗಳು ರಸ್ತೆಗಿಳಿದದ್ದು 1959ರಿಂದ. ನಡುವೆ ನಾಲ್ಕು ಮಾದರಿ ಬಸ್ಸುಗಳನ್ನು ಓಡಿಸಿ ತಪ್ಪುಗಳನ್ನು ತಿದ್ದಲಾಯಿತು. ಉದಾಹರಣೆಗೆ, ಮೊದಲ ಮಾದರಿಯಲ್ಲಿ ರೇಡಿಯೇಟರನ್ನು ನೆಲದ ಅಡಿಯಲ್ಲಿ ಇಡಲಾಗಿತ್ತು. ಎಂಜಿನ್ ಸರಿಯಾಗಿ ತಣಿಯದ ಕಾರಣ ಅದನ್ನು ಎಂದಿನಂತೆ ಮುಂಭಾಗಕ್ಕೆ ತರಬೇಕಾಯಿತು. ಪವರ್ ಸ್ಟಿಯರಿಂಗ್, ಸ್ವಯಂಚಾಲಿತ ಗೇರು, ಮುಂಚಕ್ರಗಳಿಗೆ ಪ್ರತ್ಯೇಕ ಸುರುಳಿ ಸ್ಪ್ರಿಂಗು ಇವು ಆಗಿನ ಬಸ್ಸುಗಳಲ್ಲಿ ಅಪರೂಪ. ದಿನವಿಡೀ ಭಾರವಾದ ಸ್ಟಿಯರಿಂಗ್ ತಿರುಗಿಸುತ್ತಿದ್ದ ಚಾಲಕನ ತೋಳಿಗೆ ಇವು ವಿಶ್ರಾಂತಿ ಕೊಟ್ಟವು.

1962ರ ಮೇ ತಿಂಗಳಲ್ಲಿ ಲಂಡನ್ನಿನ ಕೊನೆಯ ಟ್ರಾಲಿಬಸ್ಸು ನಿಂತಿತು. ಅವುಗಳ ಜಾಗವನ್ನು ರೂಟ್‌ಮಾಸ್ಟರುಗಳು ತುಂಬಿದವು. ಭಾಗಗಳೆಲ್ಲ ಒಂದೇ ಅಳತೆಯವಾಗಿದ್ದ ಕಾರಣ ಬಸ್ಸಿನ ನಡುವೆ ಸುಮಾರು 70 ಸೆಂಟಿಮೀಟರಿನ ಒಂದು ತುಂಡನ್ನು ಸೇರಿಸಿ 72 ಆಸನಗಳ ಉದ್ದನೆಯ ಬಸ್ಸನ್ನೂ ಮಾಡಲು ಸಾಧ್ಯವಾಯಿತು. 1968ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಒಟ್ಟು 2876 ಬಸ್ಸುಗಳು ಸಿದ್ಧವಾಗಿದ್ದವು.

ಹೊರಗೆ ಸೋತದ್ದೇಕೆ?

ಇಷ್ಟು ಒಳ್ಳೆಯ ಬಸ್ಸನ್ನು ಬೇರೆ ಊರುಗಳೂ ಮುಗಿಬಿದ್ದು ಕೊಂಡಿರಬೇಕು ಎಂದುಕೊಂಡಿರಾ? ಹಾಗಾಗಲಿಲ್ಲ. ಒಂದು ವಿಮಾನಯಾನ ಸಂಸ್ಥೆ 65 ಬಸ್ಸುಗಳನ್ನೂ, ಉತ್ತರ ಇಂಗ್ಲೆಂಡಿನ ಒಂದು ಸಾರಿಗೆ ಕಂಪನಿ 50 ಬಸ್ಸುಗಳನ್ನೂ ಪಡೆದವು, ಅಷ್ಟೆ.

ಕಾರಣ ಸ್ವಾರಸ್ಯಕರ. ರೂಟ್‌ಮಾಸ್ಟರಿನಲ್ಲಿ ಎಂಜಿನ್ ಮುಂದೆ. ಚಾಲಕನಿಗೆ ಪ್ರತ್ಯೇಕ ಗೂಡು. ಹತ್ತಿ ಇಳಿಯಲು ಹಿಂದೆ ಬಾಗಿಲಿಲ್ಲದ ತೆರೆದ ಮೆಟ್ಟಿಲು. ಆದ್ದರಿಂದ ಟಿಕೆಟ್ ಕೊಡಲು ಕಂಡಕ್ಟರ್ ಇರಲೇಬೇಕು. ಇದೇ ಕಾಲದಲ್ಲಿ ಲೇಲ್ಯಾಂಡ್ ಕಂಪನಿ ಎಂಜಿನ್ನನ್ನು ಹಿಂದಕ್ಕೆ ಕಳುಹಿಸಿ, ಬಾಗಿಲನ್ನು ಚಾಲಕನ ಪಕ್ಕಕ್ಕೆ ತಂದ 'ಅಟ್ಲಾಂಟಿಯನ್' ಬಸ್ಸನ್ನು ಹೊರತಂದಿತು. 1966ರಲ್ಲಿ ಬ್ರಿಟನ್ನಿನಲ್ಲಿ ಕಂಡಕ್ಟರ್ ಇಲ್ಲದೆ ಎರಡಂತಸ್ತಿನ ಬಸ್ಸು ಓಡಿಸಲು ಅನುಮತಿ ದೊರೆಯಿತು. ಸಾರಿಗೆ ಕಂಪನಿಗಳು ಲೆಕ್ಕ ಹಾಕಿದವು. ದಿನಕ್ಕೆ ಮೂರು ಲೀಟರ್ ಡೀಸೆಲಿಗಿಂತ ಒಬ್ಬ ಕಂಡಕ್ಟರಿನ ಸಂಬಳದ ಉಳಿತಾಯವೇ ದೊಡ್ಡದಾಗಿ ಕಂಡಿತು. ಅದರ ಫಲವಾಗಿ ಕಂಡಕ್ಟರುಗಳು ಕೆಲಸ ಕಳೆದುಕೊಂಡರು. ಚಾಲಕನೇ ಹಣ ಪಡೆಯಬೇಕಾದ್ದರಿಂದ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಹೊತ್ತೂ ಹೆಚ್ಚಿತು.

ಲಂಡನ್ನಿನಲ್ಲಿ ಮಾತ್ರ ಕಥೆ ಬೇರೆಯಾಯಿತು. ರೂಟ್‌ಮಾಸ್ಟರಿಗೆ ಬದಲಿಯಾಗಿ 1971ರಿಂದ ತಂದ ಹೊಸ ಬಸ್ಸುಗಳು ಬಾಳಲಿಲ್ಲ. 1979ರಲ್ಲೇ ಅವುಗಳನ್ನು ತೆಗೆಯಲಾರಂಭಿಸಿದರು. ಬಿಚ್ಚಿ ಜೋಡಿಸಲು ಸುಲಭವಾದ, ಮೈ ತುಕ್ಕು ಹಿಡಿಯದ ಹಳೆಯ ಬಸ್ಸುಗಳು ಹೊಸ ಎಂಜಿನ್ ಹಾಕಿಸಿಕೊಂಡು ಓಡುತ್ತಲೇ ಇದ್ದವು. ಸಾಮಾನ್ಯ ಸೇವೆಯಿಂದ ಅವು ನಿವೃತ್ತವಾದದ್ದು 2005ರ ಡಿಸೆಂಬರ್ 9ರಂದು.

ಆ ದಿನ ಬಹಳ ಜನ ಮರುಗಿದರು. ಆದರೆ ಮರುಗದವರೂ ಇದ್ದರೆಂಬುದನ್ನು ಮರೆಯಬಾರದು. ತೆರೆದ ಮೆಟ್ಟಿಲಿನಿಂದ ಬಿದ್ದು ಗಾಯಗೊಂಡವರಿದ್ದರು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಆ ಬಸ್ಸನ್ನು ಹತ್ತುವುದೇ ಅಸಾಧ್ಯವಾಗಿತ್ತು. ಆಸನಕ್ಕೆ ಎಷ್ಟು ಕಿಲೊಗ್ರಾಂ ಎಂದು ಅಳೆದವರು, ಆ ಆಸನದವರೆಗೆ ಯಾರು ತಲಪಬಲ್ಲರು ಎಂದು ಅಳೆದಿರಲಿಲ್ಲ.

ಮತ್ತೆ ತೂಕದ ಪ್ರಶ್ನೆ

2012ರಲ್ಲಿ ಲಂಡನ್ನಿನ ರಸ್ತೆಗಿಳಿದ ಹೊಸ ರೂಟ್‌ಮಾಸ್ಟರಿನ ತೂಕ 12 ಟನ್ನಿಗೂ ಹೆಚ್ಚು. ಆಸನಗಳು 62. ತಂತ್ರಜ್ಞಾನ ಹಿಂದಕ್ಕೆ ಹೋಯಿತೇ? ಇಲ್ಲ. ಬಸ್ಸು ಉದ್ದವಾಯಿತು, ಮೂರು ಬಾಗಿಲು ಬಂದವು, ಗಾಲಿಕುರ್ಚಿಗೆ ತಗ್ಗು ನೆಲ ಬಂತು, ಡೀಸೆಲ್ ಎಂಜಿನ್ನಿನ ಜೊತೆಗೆ ಬ್ಯಾಟರಿ ಮತ್ತು ಮೋಟಾರು ಸೇರಿದವು. ಬ್ರೇಕ್ ಹಾಕುವಾಗ ಮೋಟಾರೇ ಜನರೇಟರ್ ಆಗಿ ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ನಮ್ಮ ಲೆಕ್ಕದ 112.5 ಕಿಲೊಜೌಲ್ ಈಗ ಪೂರ್ತಿ ವ್ಯರ್ಥವಲ್ಲ. ಆದರೆ ಉರುಳು ಘರ್ಷಣೆಯ 75 ಕಿಲೊಜೌಲ್ ಮರಳಿ ಬಾರದು. ರಸ್ತೆಗಾಗುವ ಹಾನಿಯೂ ಅಚ್ಚಿನ ಮೇಲಿನ ಹೊರೆಯ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ: ಹೊರೆ ನೂರಕ್ಕೆ ಹತ್ತು ಹೆಚ್ಚಿದರೆ ಹಾನಿ ನೂರಕ್ಕೆ 46ರಷ್ಟು ಹೆಚ್ಚು.

ಈ ಮಾತು ನಮಗೂ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ 1990ರ ದಶಕದವರೆಗೂ ಓಡುತ್ತಿದ್ದ ಡಬಲ್ ಡೆಕರ್ ಬಸ್ಸುಗಳನ್ನು ಹಿರಿಯರು ನೆನೆಯುತ್ತಾರೆ. ಮುಂಬಯಿಯಲ್ಲಿ 1937ರಲ್ಲಿ ಬಂದ ಡಬಲ್ ಡೆಕರುಗಳ ಪೈಕಿ ಕೊನೆಯ ಡೀಸೆಲ್ ಬಸ್ಸು 2023ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ವಿದ್ಯುತ್ ಚಾಲಿತ ಎರಡಂತಸ್ತಿನ ಬಸ್ಸು ಅಲ್ಲಿ ಸೇವೆಗೆ ಬಂದಿತ್ತು. ಅಶೋಕ್ ಲೇಲ್ಯಾಂಡ್ ಬಳಗದ ಸ್ವಿಚ್ ಕಂಪನಿಯ ಈ ಬಸ್ಸಿನ ಮೈಯೂ ಅಲ್ಯೂಮಿನಿಯಮಿನದೇ. ಒಂದಂತಸ್ತಿನ ಬಸ್ಸಿಗಿಂತ ತೂಕ ನೂರಕ್ಕೆ 18ರಷ್ಟು ಮಾತ್ರ ಹೆಚ್ಚು, ಹೊರುವ ಜನ ಹೆಚ್ಚುಕಡಿಮೆ ಇಮ್ಮಡಿ ಎಂದು ತಯಾರಕರು ಹೇಳುತ್ತಾರೆ. ಇದರ ಬ್ಯಾಟರಿಯ ಸಾಮರ್ಥ್ಯ 231 ಕಿಲೊವಾಟ್-ಗಂಟೆ. ಕಿಲೊಗ್ರಾಮಿಗೆ 150 ವಾಟ್-ಗಂಟೆ ಎಂದು ಹಿಡಿದರೆ ಅದರ ತೂಕವೇ ಸುಮಾರು ಒಂದೂವರೆ ಟನ್ ಆಗುತ್ತದೆ. ರೂಟ್‌ಮಾಸ್ಟರಿನ ತಂಡ ಕಷ್ಟಪಟ್ಟು ಇಳಿಸಿದ್ದರ ಎರಡರಷ್ಟು! ಬ್ಯಾಟರಿಯ ಭಾರಕ್ಕೆ ಜಾಗ ಮಾಡಿಕೊಡಬೇಕಾದರೆ ಮೈಭಾರವನ್ನು ಇಳಿಸಲೇಬೇಕು. ಏಳು ದಶಕಗಳ ಹಿಂದಿನ ಪ್ರಶ್ನೆ ಹೀಗೆ ಹೊಸ ರೂಪದಲ್ಲಿ ಮರಳಿದೆ.

ಮುಂದಿನ ಸಲ ಬಸ್ಸು ಹತ್ತಿದಾಗ ಒಂದು ಲೆಕ್ಕ ಮಾಡಿ ನೋಡಿ. ಬಸ್ಸಿನ ಖಾಲಿ ತೂಕವನ್ನು ಹಲವು ಬಸ್ಸುಗಳ ಮೈಮೇಲೆ ಬರೆದಿರುತ್ತಾರೆ. ಅದನ್ನು ಒಳಗಿರುವ ಜನರ ಸಂಖ್ಯೆಯಿಂದ ಭಾಗಿಸಿ. ಬಸ್ಸು ತುಂಬಿದಾಗ ಎಷ್ಟು, ಖಾಲಿ ಓಡುವಾಗ ಎಷ್ಟು, ಪಕ್ಕದಲ್ಲಿ ಸಾಗುವ ಕಾರಿಗೆ ಎಷ್ಟು ಎಂದು ಹೋಲಿಸಿ. ಜೊತೆಗೆ, ನಿಲ್ದಾಣದಲ್ಲಿ ಹತ್ತಲಾಗದೆ ಉಳಿದವರು ಯಾರು, ಏಕೆ ಎಂಬುದನ್ನೂ ಗಮನಿಸಿ ಬರೆದಿಡಿ. ಒಳ್ಳೆಯ ಬಸ್ಸಿನ ವಿನ್ಯಾಸಕ್ಕೆ ಈ ಎರಡೂ ಲೆಕ್ಕಗಳು ಬೇಕು.